ಅಕ್ಕ ರೈಫಲ್ ಕೊಂಡದ್ದು

ನನ್ನ ಅಕ್ಕನ ಮನೆಯಲ್ಲಿ ಕಾಫಿ ಲೋಟದ ಅಡಿಗೆ ಒಂದು ಬಗೆಯ ದಪ್ಪ ಕಾಗದ ಇಡುತ್ತಾರೆ. ಅಂಗೈಯಗಲದ ಚೌಕ, ನಡುವೆ ಕಪ್ಪು ವೃತ್ತ, ವೃತ್ತದ ಒಳಗೂ ಅಂಚಿಗೂ ಕೊತ್ತಂಬರಿ ಕಾಳಿನಷ್ಟು ಸಣ್ಣ ತೂತುಗಳು. ಮೊದಲ ಸಲ ಬಂದವರು ಲೋಟ ಎತ್ತಿ ಅದನ್ನು ತಿರುಗಿಸಿ ಮುರುಗಿಸಿ ನೋಡುತ್ತಾರೆ. ಮೊನ್ನೆ ಮೇಲಿನ ಮಹಡಿಯ ಹೆಂಗಸೊಬ್ಬರು, "ಇದೇನು, ಹುಳ ಹೊಡೆದದ್ದಾ?" ಎಂದು ಕೇಳಿದರು.

"ಹುಳ ಅಲ್ಲ, ನಾನು ಹೊಡೆದದ್ದು" ಎಂದಳು ಅಕ್ಕ.

ಅವರು ಕಾಫಿಯನ್ನು ಸ್ವಲ್ಪ ಬೇಗನೆ ಕುಡಿದು ಮುಗಿಸಿದರು.

ತೂತುಗಳೆಲ್ಲ ನಡುವೆ ಗುಂಪಾಗಿರುವ ಕಾಗದ ನೆಂಟರಿಗೆ, ಅಲ್ಲೊಂದು ಇಲ್ಲೊಂದು ಚದುರಿರುವ ಕಾಗದ ಮನೆಯವರಿಗೆ. ನಾನು ತಮ್ಮ, ಮನೆಯವನು. ಹಾಗಾಗಿ ಅಕ್ಕ ಗುರಿ ತಪ್ಪಿದ ದಿನಗಳ ಮೇಲೆಯೇ ನನ್ನ ಕಾಫಿ ಕುಳಿತಿರುತ್ತದೆ. ಅದನ್ನು ಕುಡಿಯುತ್ತಾ ಕುಳಿತಾಗ ರೈಫಲ್ ಕೊಂಡ ಕತೆ ನೆನಪಾಗುತ್ತದೆ. ಇದನ್ನು ನಾನು ಪತ್ರಿಕೆಗೆ ಬರೆಯಲಿಲ್ಲ. ಸ್ವಂತ ಅಕ್ಕನ ಸುದ್ದಿ ಬರೆಯಬಾರದೆಂಬುದು ನಾನು ಕೆಲಸ ಮಾಡಿದ ಸುದ್ದಿಮನೆಯ ಶಿಸ್ತು. ಈಗ ನಿವೃತ್ತನಾಗಿದ್ದೇನೆ, ಶಿಸ್ತನ್ನು ಸ್ವಲ್ಪ ಸಡಿಲಿಸಬಹುದು.

ಅಕ್ಕನ ಹೆಸರು ವಸಂತಿ. ಊರು ಉಡುಪಿಯ ಕಡೆ, ಬೆಳೆದದ್ದು ಮುಂಬಯಿಯ ಹೊರವಲಯದ ಡೊಂಬಿವಲಿ, ಈಗ ಇರುವುದು ಅದರ ಪಕ್ಕದ ಠಾಕುರ್ಲಿ. ಮುಂಬಯಿಯ ಒಂದು ವಿಮಾ ಕಚೇರಿಗೆ ಆಯುಷ್ಯದ ಅರ್ಧಭಾಗ ಲೋಕಲ್ ರೈಲಿನಲ್ಲಿ ಓಡಾಡಿ ನಿವೃತ್ತಳಾದಳು. ಆ ರೈಲು ಬಿಟ್ಟುಹೋಗುವಾಗ ಒಂದು ಉಡುಗೊರೆ ಕೊಟ್ಟಿತು. ಕೊನೆಯ ತಿಂಗಳುಗಳಲ್ಲಿ ಒಂದು ದಿನ ಪ್ಲಾಟ್‌ಫಾರ್ಮಿನ ನೂಕುನುಗ್ಗಲಿನಲ್ಲಿ ಬಿದ್ದು ಬಲಭುಜ ಜಖಂ ಆಯಿತು. ಕೈ ಮೇಲೆ ಎತ್ತಲಾಗದು, ಬದಿಗೆ ಚಾಚಲಾಗದು. ಪಕ್ಕದ ಊರು ಕಲ್ಯಾಣದಲ್ಲಿ ಫಿಸಿಯೋಥೆರಪಿಗೆ ಹೋಗತೊಡಗಿದಳು. ಆ ಕಟ್ಟಡದ ನೆಲಮಾಳಿಗೆಯಿಂದ ಆಗಾಗ ಟಪ್, ಟಪ್ ಎಂಬ ಸದ್ದು ಬರುತ್ತಿತ್ತಂತೆ. ಕೈಗೆ ರಬ್ಬರ್ ಪಟ್ಟಿ ಕಟ್ಟಿಕೊಂಡು ಎಳೆಯುತ್ತಾ ಬೇಸತ್ತವಳು ಒಂದು ದಿನ ಮೆಟ್ಟಿಲು ಇಳಿದು ನೋಡಿದಳು. ಅಲ್ಲಿ ಏರ್ ರೈಫಲ್ ತರಬೇತಿ ನಡೆಯುತ್ತಿತ್ತು.

ಕಲಿಸುವವರು ಬಿರಾದಾರ, ವಿಜಯಪುರದ ಕಡೆಯವರು, ಸೈನ್ಯದಲ್ಲಿ ಹವಾಲ್ದಾರರಾಗಿದ್ದವರು. ಅಕ್ಕ ಕನ್ನಡದಲ್ಲಿ ಗೊಣಗಿಕೊಂಡದ್ದು ಅವರ ಕಿವಿಗೆ ಬಿದ್ದು, "ಬರ್ರೀ ಅಕ್ಕಾರ, ಒಳಗ ಬರ್ರಿ" ಎಂದು ಕರೆದರಂತೆ. ಒಂದು ವಾರ ಬರಿಗೈಯಲ್ಲಿ ನಿಲ್ಲಿಸಿದರು. ಆಮೇಲೆ ನನ್ನೆದುರಿಗೇ ಹೇಳಿದರು: "ನಿಮ್ಮ ಅಕ್ಕಾರ ಕಾಲು ನೆಲದಾಗ ಬೇರು ಬಿಟ್ಟಾವ್ರಿ. ಹುಡುಗೂರಿಗೆ ನಿಲ್ಲೂದು ಕಲಸಾಕ ನನಗ ವರ್ಷ ಹಿಡೀತದ."

ಅದರಲ್ಲಿ ಆಶ್ಚರ್ಯವೇನಿಲ್ಲ. ಅಕ್ಕ ರೈಲಿನಲ್ಲಿ ನಿಂತೇ ಬದುಕಿದವಳು. ಯಾರೂ ತಳ್ಳದಿರುವಾಗ ನಿಲ್ಲುವುದು ಮಾತ್ರ ಅವಳಿಗೆ ಹೊಸದು.

ಬಂದೂಕಿನ ಜೊತೆ ನಮ್ಮ ಮನೆಯ ಹಳೆಯ ಸಂಬಂಧ ಅಷ್ಟಕ್ಕಷ್ಟೆ. ಚಿಕ್ಕವರಿದ್ದಾಗ ನವರಾತ್ರಿಗೆ ಕಲ್ಯಾಣದ ಖಾಡಿಯ, ಅಂದರೆ ಸಮುದ್ರದ ಹಿನ್ನೀರಿನ, ಬದಿಯ ಮೈದಾನಕ್ಕೆ ಅಪ್ಪ ಕರೆದೊಯ್ಯುತ್ತಿದ್ದರು. ಅಲ್ಲಿ ಬಲೂನ್ ಹೊಡೆಯುವ ಅಂಗಡಿ. ಹೊಡೆಯುವವನು ನಾನು, ನನ್ನ ಪಾಲಿನ ಬೊಂಬಾಯಿ ಮಿಠಾಯಿ ಹಿಡಿದುಕೊಂಡು ನಿಲ್ಲುವವಳು ಅಕ್ಕ. ನಾನು ಹೊಡೆದದ್ದೆಲ್ಲ ಹಿಂದಿನ ತಗಡಿಗೆ ಬಡಿಯುತ್ತಿತ್ತು. ಒಮ್ಮೆ ಅಕ್ಕ ನನ್ನ ಕಿವಿಯಲ್ಲಿ, "ನೀನು ಕೆಂಪಿಗೆ ಗುರಿ ಇಟ್ಟರೆ ಹಳದಿ ಅಲುಗಾಡ್ತದೆ. ಹಸಿರಿಗೆ ಇಡು, ಕೆಂಪು ಒಡೀತದೆ" ಎಂದಳು. ಇಟ್ಟೆ. ಕೆಂಪು ಒಡೆಯಿತು. ಅಂಗಡಿಯವನು ಅಕ್ಕನನ್ನು ನೋಡಿದ ನೋಟ ನನಗಿನ್ನೂ ನೆನಪಿದೆ. ಬಾಗಿದ ನಳಿಗೆಯ ಗುಟ್ಟು ಹೊರಬಿದ್ದರೆ ಅವನ ವ್ಯಾಪಾರ ನಡೆಯುವುದು ಹೇಗೆ? ನನಗೂ ಒಮ್ಮೆ ಕೊಡಿ ಎಂದು ಅಕ್ಕ ಕೇಳಲಿಲ್ಲ, ಕೊಡಬೇಕೆಂದು ಅಪ್ಪನಿಗೂ ಹೊಳೆಯಲಿಲ್ಲ. ಕಾಲ ಹಾಗಿತ್ತು.

ನಾನಾದರೋ ವೃತ್ತಿಯುದ್ದಕ್ಕೂ ಬಂದೂಕಿನ ಸುದ್ದಿ ತಿದ್ದಿದವನು. ಪಿಸ್ತೂಲು, ರಿವಾಲ್ವರ್, ನಾಡಬಂದೂಕು ಎಲ್ಲ ನನ್ನ ಮೇಜಿನ ಮೇಲೆ ಹಾದುಹೋಗಿವೆ, ಅಕ್ಷರಗಳಾಗಿ. ನಿಜವಾದದ್ದನ್ನು ಕಣ್ಣಾರೆ ಕಂಡದ್ದು ಬ್ಯಾಂಕಿನ ಕಾವಲುಗಾರನ ಹೆಗಲ ಮೇಲೆ ಮಾತ್ರ.

ಇರಲಿ, ವಿಷಯಕ್ಕೆ ಬರುತ್ತೇನೆ. ಆ ವರ್ಷದ ಜಿಲ್ಲಾ ಸ್ಪರ್ಧೆಯಲ್ಲಿ ಹಿರಿಯರ ವಿಭಾಗವೂ ಇತ್ತು. ಅಕ್ಕನಿಗೆ ಅದರಲ್ಲಿ ನಿಲ್ಲಬೇಕು. ಆದರೆ ತರಬೇತಿ ಕೇಂದ್ರದ ಒಳ್ಳೆಯ ರೈಫಲ್‌ಗಳು ಅದೇ ಹೊತ್ತಿಗೆ ಸ್ಪರ್ಧಿಸುವ ಹುಡುಗ ಹುಡುಗಿಯರ ಪಾಲು. ಬಿರಾದಾರರು ನೇರವಾಗಿ ಹೇಳಿದರು: "ನಿಮ್ಮದ ಒಂದು ತಗೋರಿ. ಇಲ್ಲಂದ್ರ ಈ ವರ್ಷ ಕುರ್ಚಿ ಮ್ಯಾಲ ಕುಂತು ಚಪ್ಪಾಳಿ ಹೊಡೀರಿ."

"ಬರುವ ವರ್ಷ ನೋಡಿದರಾಯ್ತಲ್ಲ" ಎಂದೆ ನಾನು.

"ಬರುವ ವರ್ಷ ಈ ಭುಜ ನನ್ನ ಮಾತು ಕೇಳ್ತದಂತ ನೀನು ಬರೆದು ಕೊಡ್ತಿಯಾ?" ಎಂದಳು ಅಕ್ಕ. ವಿಮಾ ಕಚೇರಿಯಲ್ಲಿದ್ದವಳ ಬಾಯಲ್ಲಿ ಆ ಪ್ರಶ್ನೆ ತಮಾಷೆಯಾಗಿರಲಿಲ್ಲ. ಡಾಕ್ಟರು ಆಗಲೇ ಹೇಳಲಾಗದೆಂದು ತಲೆಯಾಡಿಸಿದ್ದರು.

ಅವಳಿಗೆ ಬೇಕಾದದ್ದು ಲಿವರ್ ಇರುವ ರೈಫಲ್. ಲಿವರ್ ಎಂದೊಡನೆ ನಾನು ರಾತ್ರಿಯೆಲ್ಲ ಇಂಟರ್ನೆಟ್ ಜಾಲಾಡಿ, ಅಮೆರಿಕದ ದನಗಾಹಿ ಕುದುರೆ ಸವಾರರು ಹಿಡಿಯುವ, ಕುದುರೆಯ ಕೆಳಗೆ ಉಂಗುರದಂಥ ಹಿಡಿಯನ್ನು ಚಟಕ್ಕನೆ ಕೆಳಗೆಳೆದು ಮೇಲೆತ್ತುವ ರೈಫಲ್‌ನ ಚಿತ್ರಗಳನ್ನು ಆರಿಸಿಟ್ಟೆ. ಇಲ್ಲಿ 'ಕುದುರೆ' ಎಂದರೆ ಬೆರಳಿನಿಂದ ಒತ್ತುವ ಟ್ರಿಗರ್, ಗೊಂದಲ ಬೇಡ. ಅಕ್ಕ ಕನ್ನಡಕ ಏರಿಸಿ ನೋಡಿದಳು. "ಚಂದ ಉಂಟು. ಆದರೆ ಇದಕ್ಕೆ ಪೊಲೀಸರ ಲೈಸೆನ್ಸ್ ಬೇಕು ಮಾರಾಯ. ಮತ್ತೆ ನಾನು ಇದನ್ನು ಹಿಡ್ಕೊಂಡು ಘೋಡಬಂದರ್ ರಸ್ತೆಯಲ್ಲಿ ದನ ಮೇಯಿಸುದಾ?"

ಆಮೇಲೆ ತಿಳಿಸಿ ಹೇಳಿದಳು. ಸ್ಪರ್ಧೆಯ ಏರ್ ರೈಫಲ್‌ನಲ್ಲಿ ಎರಡು ಬಗೆ. ಒಂದರಲ್ಲಿ ಗಾಳಿಯನ್ನು ಮೊದಲೇ ಸಿಲಿಂಡರಿನಲ್ಲಿ ತುಂಬಿರುತ್ತಾರೆ. ಸೀಸದ ಪುಟ್ಟ ಗುಂಡು ಇಡು, ಹೊಡಿ, ಅಷ್ಟೆ. ಇನ್ನೊಂದು ಹಳೆಯ ಬಗೆ. ಬದಿಯಲ್ಲೊಂದು ಉದ್ದ ಲಿವರ್, ಪ್ರತಿ ಗುಂಡಿಗೂ ಅದನ್ನು ಪೂರ್ತಿ ಹಿಂದಕ್ಕೆಳೆದು ಒಳಗಿನ ಸ್ಪ್ರಿಂಗನ್ನು ಬಿಗಿಯಬೇಕು. ಈಗ ಎಲ್ಲರೂ ಹಿಡಿಯುವುದು ಮೊದಲನೆಯದನ್ನು. ಭುಜ ಕೆಟ್ಟವಳು ಎರಡನೆಯದನ್ನು ಕೇಳುತ್ತಿದ್ದಾಳೆ ಎಂದರೆ ನೀವಾದರೂ ಏನು ಹೇಳುತ್ತಿದ್ದಿರಿ? ನಾವೂ ಅದನ್ನೇ ಹೇಳಿದೆವು. ಬಿರಾದಾರರೂ, "ಬ್ಯಾಡ್ರಿ ಅಕ್ಕಾರ, ಅದು ಗಟ್ಟಿ ಮಂದಿ ಕೆಲಸ" ಎಂದರು.

"ಗಟ್ಟಿ ಅಂದರೆ ಎಷ್ಟು ಗಟ್ಟಿ?" ಎಂದು ಅಕ್ಕ ಕೇಳಿದಳು. ಅದೇ ಯಾಕೆ ಬೇಕೆಂದರೆ, "ಹೊಡೆದು ನೋಡಿದ ಮೇಲೆ ಹೇಳ್ತೇನೆ" ಎಂದಳು.

ಇಲ್ಲಿ ಭಾವನ ಪ್ರವೇಶ. ರಾಘವೇಂದ್ರ ಭಾವನದ್ದು ಡೊಂಬಿವಲಿಯ ಪೂರ್ವದಲ್ಲಿ, ಸ್ಟೇಷನ್ನಿಂದ ನಾಲ್ಕು ಹೆಜ್ಜೆಯಲ್ಲಿ ಹೋಟೆಲು. ಅವರು ಜೀವನದಲ್ಲಿ ಯಾವ ಯಂತ್ರವನ್ನೂ ಅಂಗಡಿಯಲ್ಲಿ ನೋಡಿ ಕೊಂಡವರಲ್ಲ. ಗ್ರೈಂಡರ್ ಬೇಕೆಂದರೆ ಅದನ್ನು ಮೊದಲು ಹೋಟೆಲಿಗೆ ತರಿಸಿ, ಬೆಳಗಿನ ನಾಷ್ಟಾದ ಗಿರಾಕಿ ಪೂರ್ತಿ ಮುಗಿಯುವವರೆಗೆ ಓಡಿಸುತ್ತಾರೆ. "ಶುರುವಿಗೆ ಎಲ್ಲ ಗ್ರೈಂಡರೂ ಒಳ್ಳೇದೇ. ಕಡೆಯ ಹಿಟ್ಟು ಹೇಗೆ ಬಂತು ಅದನ್ನು ನೋಡು" ಎಂಬುದು ಅವರ ಸಿದ್ಧಾಂತ. ಗ್ರೈಂಡರ್ ಮಾರುವವರು ಇದಕ್ಕೆ ಹೊಂದಿಕೊಂಡಿದ್ದರು. ರೈಫಲ್ ಮಾರುವವರು ಹೊಂದಿಕೊಳ್ಳಬೇಕಾಗಿ ಬಂದದ್ದು ಠಾಣೆ ಜಿಲ್ಲೆಯ ಇತಿಹಾಸದಲ್ಲಿ ಅದೇ ಮೊದಲಿರಬೇಕು.

ಒಂದು ಬೆಳಗ್ಗೆ ನಾವು ನಾಲ್ವರು, ಅಕ್ಕ, ಭಾವ, ಬಿರಾದಾರರು, ನಾನು, ಠಾಣೆ ನಗರದ ಘೋಡಬಂದರ್ ರಸ್ತೆಯ ಒಂದು ಶಾಪಿಂಗ್ ಮಾಲಿನ ಹಿಂಬದಿಯಲ್ಲಿದ್ದ ಅಂಗಡಿಗೆ ಹೋದೆವು. ಮಾಲಿಕರು ದೇಸಾಯಿ, ವಯಸ್ಸಾದ ಮರಾಠಿ ಗೃಹಸ್ಥರು, ಆಗಷ್ಟೇ ಊದುಬತ್ತಿ ಹಚ್ಚುತ್ತಿದ್ದರು. ಅಂಗಡಿಯ ಹಿಂದೆ ಹೊಡೆದು ನೋಡಲು ಉದ್ದನೆಯ ಕೋಣೆ ಇತ್ತು. ಲೈಸೆನ್ಸಿನ ರಗಳೆ ಇಲ್ಲ, ಗುರುತಿನ ಚೀಟಿ ತೋರಿಸಿದರೆ ಸಾಕು ಎಂದರು. ಭಾವ ಅವರಿಗೆ ತಮ್ಮ ನಾಷ್ಟಾ ಸಿದ್ಧಾಂತವನ್ನು ಡೊಂಬಿವಲಿಯ ಮರಾಠಿಯಲ್ಲಿ ವಿವರಿಸಿದರು. ಒಂದು ಸ್ಪರ್ಧೆಯಲ್ಲಿ ಎಷ್ಟು ಗುಂಡು ಹೊಡೆಯುತ್ತಾರೋ ಅಷ್ಟನ್ನೂ ಇವಳು ಎರಡೂ ರೈಫಲ್‌ನಲ್ಲಿ ಹೊಡೆದು ನೋಡಬೇಕು ಎಂದರು. ದೇಸಾಯಿಯವರು, "ಜನ ಐದು ಹೊಡೆದು ಹಣ ಕೊಡ್ತಾರೆ ಶೇಟ್" ಎಂದು ನಕ್ಕರು. ಆದರೆ ಅಂಗಡಿ ಖಾಲಿ ಇತ್ತು, ಒಪ್ಪಿದರು.

ಭಾವ ರೈಫಲ್ ನೋಡಿದ ರೀತಿಯನ್ನು ದಾಖಲಿಸಲೇಬೇಕು. ಮೊದಲು ಎತ್ತಿ ತೂಗಿದರು. ಅವರ ಲೆಕ್ಕದಲ್ಲಿ ಭಾರ ಇದ್ದದ್ದು ಬಾಳಿಕೆ ಬರುತ್ತದೆ. ಆಮೇಲೆ ಬೆರಳ ಗೆಣ್ಣಿನಿಂದ ಮರದ ಹಿಡಿಯನ್ನು ತಟ್ಟಿ ಸದ್ದು ಕೇಳಿದರು. ಕೊನೆಗೆ, "ಇದರ ಪಾರ್ಟು ಡೊಂಬಿವಲಿಯಲ್ಲಿ ಸಿಗ್ತದಾ?" ಎಂದು ಕೇಳಿದರು. ಬಿರಾದಾರರು ಬೇರೆ ಕಡೆ ಮುಖ ತಿರುಗಿಸಿ ಮೀಸೆ ಸವರಿಕೊಂಡರು.

ಅಷ್ಟರಲ್ಲಿ ಒಂದು ಎಡವಟ್ಟು ನಡೆದುಹೋಯಿತು. ನಾವು ಆ ದಿನದ ಮೊದಲ ಗಿರಾಕಿಗಳು. ನೋಡುವುದು ಗಂಟೆಗಟ್ಟಲೆ ನಡೆಯುತ್ತದೆ, ಅಲ್ಲಿಯವರೆಗೆ ಬೋಣಿ ಆಗುವುದಿಲ್ಲ. ಬೋಣಿಯಾಗದ ಅಂಗಡಿಯಲ್ಲಿ ಸುಮ್ಮನೆ ಕುಳಿತುಕೊಳ್ಳುವುದು ಭಾವನಿಂದ ಆಗದ ಕೆಲಸ. ಅವರ ಹೋಟೆಲಿನಲ್ಲಿ ಬೆಳಗಿನ ಮೊದಲ ಗಿರಾಕಿ ಇಡ್ಲಿ ಇಲ್ಲವೆಂದು ಎದ್ದುಹೋದರೆ ಅವರಿಗೆ ಮಧ್ಯಾಹ್ನದವರೆಗೆ ಸಮಾಧಾನ ಇರುವುದಿಲ್ಲ. ಎದುರಿನ ಬೀದಿಯಲ್ಲಿ ಪ್ರತಿಸ್ಪರ್ಧಿ ಹೋಟೆಲು ತೆರೆದ ದಿನ, ಅಲ್ಲಿಗೆ ಹೋಗಿ ಬೋಣಿಗೆಂದು ಮೊದಲ ದೋಸೆ ತಿಂದು ಬಂದವರು ಇವರೇ. ಅಕ್ಕ ಒಳಗೆ ಗುರಿ ಹೊಡೆಯುವವರ ದಪ್ಪ ಕೋಟು ಹಾಕಿಕೊಳ್ಳುತ್ತಿದ್ದಾಗ ಭಾವ ಜೇಬಿಗೆ ಕೈಹಾಕಿ, ಸಿಲಿಂಡರ್ ರೈಫಲ್ ತೋರಿಸಿ, "ಇದು ನಮ್ಮದೇ ಅಂತ ಇಟ್ಟುಕೊಳ್ಳಿ" ಎಂದು ಮುಂಗಡ ಕೊಟ್ಟೇಬಿಟ್ಟರು. ದೇಸಾಯಿಯವರು ನೋಟುಗಳನ್ನು ಕಣ್ಣಿಗೊತ್ತಿಕೊಂಡು ದೇವರ ಪಟದ ಮುಂದಿಟ್ಟರು.

"ಏನ್ ಮಾಡಿದ್ರಿ ಭಾವ?" ಎಂದೆ.

"ಹೇಗೂ ಇದನ್ನೇ ತಗೊಳ್ಳುದಲ್ಲ. ಅವಳ ಭುಜಕ್ಕೆ ಇನ್ನೊಂದು ಆಗ್ತದಾ?" ಎಂದರು. ಹೆಂಡತಿಯ ಮೇಲಿನ ಕಾಳಜಿಯೇ ಅದು, ಸುಳ್ಳಲ್ಲ. ಆದರೆ ಮಾತು ಹೋಗಿಬಿಟ್ಟಿತ್ತು. ಬೋಣಿಯ ಮಾತನ್ನು ಹಿಂದಕ್ಕೆ ತೆಗೆದುಕೊಂಡ ಚರಿತ್ರೆ ಭಾವನಿಗಿಲ್ಲ.

ಅಕ್ಕ ಮೊದಲು ಸಿಲಿಂಡರಿನದ್ದನ್ನು ಹೊಡೆದಳು. ಸಲೀಸಾಗಿ ಸಾಗಿತು. ಬಿರಾದಾರರು ದುರ್ಬೀನಿನಲ್ಲಿ ನೋಡುತ್ತಾ ಆರಂಭದಲ್ಲಿ, "ಭೇಷ್ ಅಕ್ಕಾರ" ಎನ್ನುತ್ತಿದ್ದರು. ನಡುವೆ ಒಂದು ಗುಂಡು ಹೊರಗೆ ಹೋಯಿತು. ಹಿಂದೆಯೇ ಇನ್ನೊಂದು, ಮತ್ತೊಂದು. ಕಡೆಕಡೆಗೆ ಬಿರಾದಾರರು ಸುಮ್ಮನಾದರು. ಆದರೂ ಒಟ್ಟಿನಲ್ಲಿ ಕೆಟ್ಟದ್ದೇನಲ್ಲ. ಭಾವ ನಳಿಗೆಯ ಮೇಲೆ ಕೈಯ ಹಿಂಬದಿ ಇಟ್ಟು, "ಬಿಸಿ ಸಹ ಆಗ್ಲಿಲ್ಲ" ಎಂದು ಮೆಚ್ಚಿದರು.

ಚಹಾ ಆಯಿತು. ಆಮೇಲೆ ಲಿವರಿನದ್ದು. ಕೆಳಗಿನ ಕಪಾಟಿನಲ್ಲಿ ಬಹಳ ಕಾಲದಿಂದ ಕೊಳ್ಳುವವರಿಲ್ಲದೆ ಬಿದ್ದಿದ್ದ ರೈಫಲ್ ಅದು. ಅಕ್ಕ ನಳಿಗೆಯನ್ನು ಗುರಿಯ ಕಡೆಗೇ ಇಟ್ಟು, ಲಿವರ್ ಹಿಡಿದು ಎಳೆದಳು. ಅರ್ಧಕ್ಕೆ ಬಂದು ನಿಂತಿತು. ಹಲ್ಲು ಕಚ್ಚಿ ಮತ್ತೆ ಎಳೆದಳು. ಹೊಡೆದದ್ದು ವೃತ್ತದ ಅಂಚಿಗೆ ಬಿತ್ತು. ನಾಲ್ಕಾರು ಸಲ ಇದೇ ಆಯಿತು. ಮುಖದಲ್ಲಿ ನೋವು ಕಾಣುತ್ತಿತ್ತು. ರೈಫಲ್ ಕೆಳಗಿಟ್ಟು ಬಲಭುಜ ಒತ್ತಿಕೊಂಡಳು.

"ಸಾಕ್ರಿ ಅಕ್ಕಾರ" ಎಂದರು ಬಿರಾದಾರರು.

"ಸಾಕು ವಸಂತಿ, ನೋಡಿದ್ದಾಯ್ತಲ್ಲ" ಎಂದರು ಭಾವ.

"ನಾಷ್ಟಾ ಮುಗೀಲಿಲ್ಲ" ಎಂದಳು ಅಕ್ಕ.

ಭಾವ ಮತ್ತೆ ಕುರ್ಚಿಯಲ್ಲಿ ಕುಳಿತರು. ತನ್ನದೇ ಸಿದ್ಧಾಂತಕ್ಕೆ ಯಾರು ಎದುರಾಡುತ್ತಾರೆ?

ಆಮೇಲೆ ಅವಳು ಮಾಡಿದ್ದನ್ನು ನಾನು ಕಣ್ಣಿಟ್ಟು ನೋಡಿದೆ. ಕೂಡಲೇ ಲಿವರ್ ಹಿಡಿಯಲಿಲ್ಲ. ಅದರ ಎದುರು ನಿಂತು, ಖಾಲಿ ಕೈಯನ್ನು ಹೀಗೊಮ್ಮೆ ಹಾಗೊಮ್ಮೆ ಆಡಿಸಿದಳು. ಬಳಿಕ ಬಲ ಮೊಣಕೈಯನ್ನು ಪಕ್ಕೆಗೆ ಅಂಟಿಸಿಕೊಂಡಳು, ರೈಲಿನ ಬಾಗಿಲ ಬಳಿ ನಿಂತ ಹೆಂಗಸು ಕೈಚೀಲವನ್ನು ಮೈಗೆ ಒತ್ತಿ ಹಿಡಿಯುತ್ತಾಳಲ್ಲ, ಹಾಗೆ. ಲಿವರ್ ಹಿಡಿದು, ಕೈ ಅಲುಗಿಸದೆ, ಒಂದು ಕಾಲು ಹಿಂದಿಟ್ಟು ಇಡೀ ಮೈಯನ್ನು ಸೊಂಟದಿಂದ ತಿರುಗಿಸಿದಳು. ಲಿವರ್ ತುದಿಯವರೆಗೂ ಬಂದು ಕ್ಲಕ್ ಎಂದು ಕೂತಿತು. ಭುಜಕ್ಕೆ ಅದರಲ್ಲಿ ಕೆಲಸವೇ ಇರಲಿಲ್ಲ.

ಬಿರಾದಾರರು ದುರ್ಬೀನು ಕೆಳಗಿಟ್ಟು ನೇರವಾಗಿ ಅವಳನ್ನೇ ನೋಡತೊಡಗಿದರು.

ಎಳೆ, ಗುಂಡು ಇಡು, ಲಿವರ್ ಮುಚ್ಚು, ಉಸಿರು ಬಿಡು, ಹೊಡಿ. ಮತ್ತೆ ಕಾಲು ಹಿಂದೆ, ಮೈ ತಿರುವು, ಕ್ಲಕ್. ಅವಸರವೇ ಇಲ್ಲ. ಒಂದು ಗುಂಡು ಹೊರಗೆ ಹೋದರೂ ಮುಂದಿನದ್ದು ಒಳಗೆ ಬಂತು. ದೇಸಾಯಿಯವರು ಬಂದ ಇನ್ನೊಬ್ಬ ಗಿರಾಕಿಯನ್ನು ಹೊರಗೇ ಕೂರಿಸಿ, ಬಾಗಿಲ ಹತ್ತಿರ ನಿಂತು ನೋಡುತ್ತಿದ್ದರು.

ಮುಗಿದಾಗ ಭಾವ ಎದ್ದು ಎರಡೂ ಸರದಿಯ ಕಾಗದಗಳನ್ನು ತರಿಸಿದರು. ಮೊದಲಿನವನ್ನು ಬದಿಗೆ ಸರಿಸಿ ಕೊನೆಯವನ್ನು ಮಾತ್ರ ಅಕ್ಕಪಕ್ಕ ಇಟ್ಟರು. ಕಡೆಯ ಹಿಟ್ಟು. ಸಿಲಿಂಡರಿನದ್ದರಲ್ಲಿ ತೂತುಗಳು ನೆಂಟರು ಎದ್ದುಹೋದ ಚಾಪೆಯ ಹಾಗೆ ಚೆಲ್ಲಾಪಿಲ್ಲಿ. ಲಿವರಿನದ್ದರಲ್ಲಿ ನಡುವೆ ಒಂದೇ ದೊಡ್ಡ ತೂತಿನ ಹಾಗೆ ಕಾಣುತ್ತಿತ್ತು.

"ಇದು ಹೇಗೆ?" ಎಂದು ಭಾವ ಕೇಳಿದರು. ಕೇಳಿದ್ದು ನಿಜವಾಗಿ ತಿಳಿಯಬೇಕೆಂದು.

"ಅದರಲ್ಲಿ ಎಲ್ಲ ಸಲೀಸು. ಒಂದು ತಪ್ಪಿದ ಕೂಡಲೇ ಇನ್ನೊಂದು ಹೊಡೀಲಿಕ್ಕೆ ಕೈ ಓಡ್ತದೆ, ಸಿಟ್ಟಲ್ಲಿ. ಇದರಲ್ಲಿ ತಪ್ಪಿದ ಮೇಲೆ ಲಿವರ್ ಎಳೀಬೇಕಲ್ಲ. ಎಳೆದು ಮುಗಿಯುವಾಗ ಸಿಟ್ಟು ಇಳಿದಿರ್ತದೆ."

ಭಾವ ಅಷ್ಟು ಹೊತ್ತಿಗೆ ಮುಂಗಡದ ವಿಷಯ ಹೇಳಲೇಬೇಕಾಯಿತು. ಅಕ್ಕ ಕೋಟಿನ ಗುಂಡಿ ಬಿಚ್ಚುತ್ತಾ ಕೇಳಿಸಿಕೊಂಡಳು.

"ಹೊಡೆಯುವವಳು ನಾನು, ಬೋಣಿ ಮಾಡಿದವರು ನೀವು" ಎಂದಳು. ದನಿ ಏರಿಸಲಿಲ್ಲ. "ಅದನ್ನೇ ತಗೊಂಡರೆ ನಾನು ಸ್ಪರ್ಧೆಗೆ ಹೋಗುದಿಲ್ಲ. ಕಡೆಯ ಕಾಗದ ನೀವೇ ನೋಡಿದ್ರಲ್ಲ."

ನಾನು ಮಧ್ಯೆ ಬಾಯಿ ಹಾಕಿ, "ನಾನು ಮಾತಾಡಲಾ?" ಎಂದೆ. ಭಾವ ಬೇಡವೆಂದು ಕೈ ಮಾಡಿದರು. ಹಣದ ಗಲ್ಲೆಯ ಹತ್ತಿರ ಹೋಗಿ, ದೇವರ ಪಟದ ಮುಂದೆ ನಿಂತು, ಗಿರಾಕಿಗಳು ಬೈದರೂ ಬಗ್ಗದ ಆ ಮನುಷ್ಯ ಕೈಮುಗಿದು ಹೇಳಿದರು: "ದೇಸಾಯಿಸಾಹೇಬ್, ನಾನೂ ಗಲ್ಲೆಯಲ್ಲಿ ಕೂರುವವನು. ಬೋಣಿಯ ಮಾತು ಮುರಿಯಬಾರದು ಅಂತ ಗೊತ್ತುಂಟು. ಮುರೀತಿದ್ದೇನೆ. ನನ್ನ ಹೆಂಡತಿಗೆ ಆ ಹಳೇದೇ ಬೇಕು."

ದೇಸಾಯಿಯವರ ಮುಖ ಒಂದು ಕ್ಷಣ ಸಣ್ಣದಾದದ್ದು ನಿಜ. ಎರಡರ ನಡುವೆ ಲಾಭದ ಅಂತರ ಅಷ್ಟಿತ್ತು. ಆಗ ಅಕ್ಕ ಹಿಂದಿನಿಂದ, "ಕಾಕಾ, ಬೋಣಿ ಆಗಿದೆಯಲ್ಲ. ಯಾವುದಕ್ಕೆ ಅಂತ ದೇವರು ಬಿಲ್ ನೋಡ್ಲಿಕ್ಕಿಲ್ಲ" ಎಂದಳು. ದೇಸಾಯಿಯವರು ನಕ್ಕೇಬಿಟ್ಟರು. "ನಾನೂ ಬಾಗಿಲಲ್ಲಿ ನಿಂತು ನೋಡಿದೆ ತಾಯಿ. ಆ ರೈಫಲ್ ಇಷ್ಟು ದಿನ ನಿಮಗೇ ಕಾದು ಕೂತದ್ದು" ಎಂದು ಬಿಲ್ ತಿದ್ದಿದರು.

ಮನೆಗೆ ತರುವಾಗ ಭಾವ ಹೋಟೆಲಿನ ಟೆಂಪೋ ಕಳಿಸುತ್ತೇನೆಂದರೂ ಅಕ್ಕ ಕೇಳಲಿಲ್ಲ, ಲೋಕಲ್‌ನಲ್ಲೇ ಹೊರಟಳು. ಮಹಿಳೆಯರ ಡಬ್ಬಿಯಲ್ಲಿ ಉದ್ದನೆಯ ಕಪ್ಪು ಪೆಟ್ಟಿಗೆ ನೋಡಿದ ಕಾಲೇಜು ಹುಡುಗಿಯೊಬ್ಬಳು, "ಆಂಟಿ, ಗಿಟಾರ್?" ಎಂದಳಂತೆ. "ಹೂಂ, ಒಂದೇ ತಂತಿಯದ್ದು" ಎಂದಳಂತೆ ಅಕ್ಕ. ದಿವಾ ಸ್ಟೇಷನ್ನಿನಲ್ಲಿ ಜನ ನುಗ್ಗಿದಾಗ ಆ ಹುಡುಗಿಯೇ ಪೆಟ್ಟಿಗೆಗೆ ಅಡ್ಡ ನಿಂತು ಕಾಪಾಡಿದಳಂತೆ.

ಸ್ಪರ್ಧೆ ನಡೆದದ್ದು ನವಿ ಮುಂಬಯಿಯಲ್ಲಿ, ಒಂದು ಶಾಲೆಯ ಉದ್ದನೆಯ ಹಾಲಿನಲ್ಲಿ. ಹಿರಿಯರೂ ಕಿರಿಯರೂ ಒಂದೇ ಸಾಲಿನಲ್ಲಿ ನಿಂತಿದ್ದರು. ಎಲ್ಲರ ಕೈಯಲ್ಲೂ ಮಿರಮಿರನೆ ಹೊಳೆಯುವ ಸಿಲಿಂಡರ್ ರೈಫಲ್‌ಗಳು. ಲಿವರ್ ಇದ್ದದ್ದು ಅಕ್ಕನದ್ದಕ್ಕೆ ಮಾತ್ರ. ಪಕ್ಕದಲ್ಲಿದ್ದ ಹುಡುಗಿ ಅದನ್ನು ನೋಡಿ ಗೆಳತಿಗೆ ಕಣ್ಣು ಮಿಟುಕಿಸಿದ್ದು ನಾನು ಕಂಡೆ. ನಾವು ಹಿಂದಿನ ಕುರ್ಚಿಗಳಲ್ಲಿ ಕುಳಿತೆವು. ಊಟದ ಗಿರಾಕಿಯ ಹೊತ್ತು, ಭಾವನ ಫೋನು ಜೇಬಿನಲ್ಲಿ ನಡುಗುತ್ತಲೇ ಇತ್ತು. ಅವರು ತೆಗೆಯಲೇ ಇಲ್ಲ.

ಉಳಿದವರು ಬೇಗಬೇಗ ಮುಗಿಸಿದರು. ಒಬ್ಬೊಬ್ಬರಾಗಿ ರೈಫಲ್ ಇಳಿಸಿ, ಕೋಟು ಬಿಚ್ಚಿ, ಪೆಟ್ಟಿಗೆಗೆ ತುಂಬತೊಡಗಿದರು. ಆ ಕೋಟುಗಳಿಗೂ ಪೆಟ್ಟಿಗೆಗಳಿಗೂ ಉದ್ದುದ್ದ ಜಿಪ್‌ಗಳು. ಹಾಲಿನ ತುಂಬಾ ಸರ್ ಸರ್ ಸದ್ದು. ಅಕ್ಕನಿಗೆ ಇನ್ನೂ ಕೆಲವು ಗುಂಡು ಬಾಕಿ ಇತ್ತು, ಸ್ಪರ್ಧೆಗೆ ನಿಗದಿಯಾದ ಹೊತ್ತು ಮುಗಿಯುತ್ತಾ ಬಂದಿತ್ತು. ಕಾಲು ಹಿಂದೆ, ಮೈ ತಿರುವು, ಕ್ಲಕ್. ಅವಸರ ಮಾಡೆಂದು ಕೂಗಬೇಕೆನಿಸಿತು, ಕೂಗುವಂತಿಲ್ಲ. ಬಿರಾದಾರರು ನನ್ನ ಮೊಣಕಾಲಿನ ಮೇಲೆ ಕೈ ಇಟ್ಟು ಒತ್ತಿದರು.

ಆಗ ಕಣ್ಣು ಮಿಟುಕಿಸಿದ್ದ ಆ ಹುಡುಗಿ ಪೆಟ್ಟಿಗೆಯ ಜಿಪ್ ಎಳೆಯುತ್ತಿದ್ದವಳು ಅರ್ಧಕ್ಕೆ ನಿಲ್ಲಿಸಿದಳು. ಅಕ್ಕನ ಕಡೆ ನೋಡಿ, ಆಚೆಯವಳಿಗೆ ತುಟಿಯ ಮೇಲೆ ಬೆರಳಿಟ್ಟು ಸನ್ನೆ ಮಾಡಿದಳು. ಅವಳೂ ನಿಲ್ಲಿಸಿದಳು. ಸಾಲಿನ ಕೊನೆಯವರೆಗೂ ಒಂದೊಂದೇ ಜಿಪ್ ಅರ್ಧದಲ್ಲಿ ನಿಂತಿತು. ಹುಡುಗರು ಬಗ್ಗಿದವರು ಬಗ್ಗಿದಂತೆಯೇ, ಕೋಟಿನಿಂದ ಒಂದು ಕೈ ಹೊರಗೆ ತೆಗೆದವರು ಹಾಗೆಯೇ ನಿಂತರು. ಅಷ್ಟು ದೊಡ್ಡ ಹಾಲಿನಲ್ಲಿ ಕೇಳುತ್ತಿದ್ದದ್ದು ಅಕ್ಕನ ಲಿವರ್ ಮಾತ್ರ.

ಅಕ್ಕ ಕೊನೆಯ ಗುಂಡನ್ನು ಹೊತ್ತು ಮುಗಿಯುವ ಮೊದಲೇ ಹೊಡೆದಳು. ಹಿರಿಯರ ವಿಭಾಗದಲ್ಲಿ ನಾಲ್ಕನೆಯವಳಾದಳು, ಪದಕ ಬರಲಿಲ್ಲ. ಸುದ್ದಿಯ ಲೆಕ್ಕದಲ್ಲಿ ಅದು ಒಂದು ಸಾಲಿಗೂ ಆಗುವುದಿಲ್ಲ. ಅವಳು ರೈಫಲ್ ಮೇಜಿನ ಮೇಲಿಟ್ಟು, ಲಿವರ್ ತೆರೆದು ಖಾಲಿಯೆಂದು ತೋರಿಸಿ, ಒಂದು ಹೆಜ್ಜೆ ಹಿಂದೆ ಸರಿದಳು. ಅಷ್ಟಾದ ಮೇಲೆಯೇ ಆ ಜಿಪ್‌ಗಳೆಲ್ಲ ಒಟ್ಟಿಗೆ ಮುಚ್ಚಿಕೊಂಡವು.